ಫೀಡ್ ರೀಡರ್‌ನಲ್ಲಿ ಮಕ್ಕಳ ಬ್ಲಾಗ್, ಪಾಠದ ಓದು: ಬಳಸುವವರು ಹೇಳಿ

ಪ್ರಶ್ನೆ: ಪಾಠಕ್ಕೆಂದು ಹದಿನೈದು ಜಾಲತಾಣ ನೋಡುತ್ತೇನೆ, ಜೊತೆಗೆ ತರಗತಿಯ 28 ಮಕ್ಕಳ ಬ್ಲಾಗ್‌ಗಳಿವೆ. ಹೊಸದೇನು ಬಂತು ಅಂತ ಒಂದೊಂದನ್ನೇ ತೆರೆದು ನೋಡುವುದರಲ್ಲೇ ಹೊತ್ತು ಹೋಗುತ್ತದೆ. ಹಲವು ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತಂದು ತೋರಿಸುವ ಫೀಡ್ ರೀಡರನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ 1: ಮೊಬೈಲ್, ಲ್ಯಾಪ್‌ಟಾಪ್ ಎರಡರಲ್ಲೂ ಓದುವುದಾದರೆ ಫೀಡ್ಲಿ ಅಥವಾ ಇನೋರೀಡರ್ ಎಂಬ ರೀಡರ್ ಸಾಕು. ಒಂದೇ ಕಂಪ್ಯೂಟರ್ ಸಾಕೆಂದರೆ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ, ಅದರಲ್ಲೂ ಫೀಡ್ ಓದಬಹುದು. ಆದರೆ ಅಲ್ಲಿ ಓದಿ ಮುಗಿಸಿದ್ದು ಮೊಬೈಲ್‌ಗೆ ಗೊತ್ತಾಗುವುದಿಲ್ಲ. ತಾಣದ ಮುಖಪುಟದ ವಿಳಾಸ ಅಂಟಿಸಿದರೆ ಸಾಮಾನ್ಯವಾಗಿ ರೀಡರೇ ಅದರ ಫೀಡ್ (ತಾಣದ ಹೊಸ ಬರಹಗಳ ಪಟ್ಟಿಯಿರುವ ಕಡತ) ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ, ವರ್ಡ್‌ಪ್ರೆಸ್ (ಬ್ಲಾಗ್ ನಡೆಸುವ ತಂತ್ರಾಂಶ) ಬಳಸುವ ತಾಣವಾದರೆ ವಿಳಾಸದ ಕೊನೆಗೆ ಓರೆಗೆರೆ ಹಾಕಿ ‘ಫೀಡ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿ. ಉಳಿದವಕ್ಕೆ ಪುಟದ ಸೋರ್ಸ್ (ಪುಟದ ಹಿಂದಿನ ಕೋಡ್) ತೆರೆದು, ಫೀಡಿನ ಎರಡು ಬಗೆಗಳಾದ ‘ಆರ್‌ಎಸ್‌ಎಸ್’ ಅಥವಾ ‘ಆಟಮ್’ ಹೆಸರನ್ನು ಇಂಗ್ಲಿಷಿನಲ್ಲಿ ಹುಡುಕಿ, ಪಕ್ಕದಲ್ಲೇ ಫೀಡ್ ವಿಳಾಸ ಇರುತ್ತದೆ. ಯೂಟ್ಯೂಬ್ ಚಾನೆಲ್‌ಗೂ ಫೀಡ್ ಉಂಟು, ಆದರೆ ತೀರಾ ಇತ್ತೀಚಿನ 15 ವಿಡಿಯೊ ಮಾತ್ರ.

ಉತ್ತರ 2: ಸೇರಿಸುವುದು ಸುಲಭ, ಕೆಡುವುದೇ ಅಲ್ಲಿ. ದಿನಕ್ಕೆ ಐವತ್ತು ಸುದ್ದಿ ಹಾಕುವ ಒಂದು ತಾಣ ಸಾಕು, ತಿಂಗಳಿಗೊಂದು ಒಳ್ಳೆಯ ಲೇಖನ ಬರೆಯುವ ತಾಣ ಅದರಡಿ ಹೂತುಹೋಗುತ್ತದೆ. ಅಂಥದಕ್ಕೆ ಬೇರೆ ಫೋಲ್ಡರ್ ಕೊಡಿ. ಇಲ್ಲವೇ ಇಡೀ ತಾಣದ ಬದಲು ನಿಮ್ಮ ವಿಷಯದ ವಿಭಾಗದ ಫೀಡ್ ಮಾತ್ರ ತೆಗೆದುಕೊಳ್ಳಿ. ವರ್ಡ್‌ಪ್ರೆಸ್‌ನಲ್ಲಿ ವಿಭಾಗದ ಪುಟದ ವಿಳಾಸಕ್ಕೂ ಅದೇ ‘ಫೀಡ್’ ಬಾಲ ನಡೆಯುತ್ತದೆ. ಪಾಠಕ್ಕೆ ಬೇಕಾದ್ದು ಕಂಡ ಕೂಡಲೇ ಪಾಠದ ಹೆಸರಿನ ಟ್ಯಾಗ್ ಹಚ್ಚಿ. ಬರೀ ನಕ್ಷತ್ರ ಹಾಕಿಟ್ಟರೆ ಪರೀಕ್ಷೆ ಹತ್ತಿರ ಬಂದಾಗ ಯಾವುದು ಯಾತಕ್ಕೆಂದು ನೆನಪಾಗದು. ಉಳಿದದ್ದನ್ನೆಲ್ಲ ‘ಓದಿದೆ’ ಅಂತ ಒಂದೇ ಸಲ ಒರೆಸಿಹಾಕಿ, ಪಾಪವೇನೂ ಬರುವುದಿಲ್ಲ.

ಉತ್ತರ 3: ಮಕ್ಕಳ ಬ್ಲಾಗ್‌ಗಳ ಬಗ್ಗೆ ಮಾತ್ರ ಹೇಳುತ್ತೇನೆ. ಎಲ್ಲವನ್ನೂ ಒಂದು ಫೋಲ್ಡರ್‌ಗೆ ಹಾಕಿ, ಫೀಡ್ ಹೆಸರನ್ನು ಹಾಜರಿ ಸಂಖ್ಯೆಗೆ ಬದಲಿಸಿ. ಬ್ಲಾಗ್‌ಗಳ ತಲೆಬರಹ ನೋಡಿ ಯಾರದೆಂದು ಹೇಳಲಾಗದು. ಆಮೇಲೆ ಫೀಡ್‌ಗಳ ಪಟ್ಟಿಯನ್ನು ಓಪಿಎಂಎಲ್ ಕಡತವಾಗಿ (ರೀಡರ್‌ಗಳು ಪಟ್ಟಿ ಕೊಟ್ಟುತೆಗೆದುಕೊಳ್ಳಲು ಬಳಸುವ ಕಡತದ ಬಗೆ) ಇಳಿಸಿಕೊಂಡರೆ ಇನ್ನೊಬ್ಬ ಶಿಕ್ಷಕರು ಅದನ್ನು ತಮ್ಮ ರೀಡರ್‌ಗೆ ಒಂದೇ ಸಲಕ್ಕೆ ತುಂಬಿಕೊಳ್ಳಬಹುದು.

ಎಡವುವುದು ಎಲ್ಲಿ ಅಂದರೆ: ಪಾಸ್‌ವರ್ಡ್ ಇರುವ ಖಾಸಗಿ ಬ್ಲಾಗ್ ಸಾಮಾನ್ಯವಾಗಿ ರೀಡರ್‌ಗೆ ಬರುವುದೇ ಇಲ್ಲ. ಮಗು ಬರಹ ತಿದ್ದಿದರೂ ರೀಡರ್‌ನಲ್ಲಿ ಹಳೆಯ ಪ್ರತಿಯೇ ಉಳಿದಿರಬಹುದು, ಹಾಗಾಗಿ ಅಂಕ ಕೊಡುವಾಗ ಮೂಲ ಪುಟ ತೆರೆಯಿರಿ. ಅಳಿಸಿದ ಬರಹವೂ ರೀಡರ್‌ನಲ್ಲಿ ಉಳಿದಿರಬಹುದು. ಈ ಫೋಲ್ಡರನ್ನು ಸಾರ್ವಜನಿಕ ಕೊಂಡಿ ಮಾಡಿ ಹಂಚಬೇಡಿ.

ಉತ್ತರ 4: ಮೇಲಿನದಕ್ಕೆ ಒಂದು ಸೇರ್ಪಡೆ. ಒಂದು ಫೀಡ್ ಇದ್ದಕ್ಕಿದ್ದಂತೆ ಸುಮ್ಮನಾದರೆ ಮಗು ಬರೆದಿಲ್ಲ ಅಂದುಕೊಳ್ಳಬೇಡಿ. ಬ್ಲಾಗಿನ ವಿಳಾಸ ಬದಲಾಗಿರಬಹುದು, ಇಲ್ಲವೇ ಫೀಡ್ ಕಡತವೇ ಕೆಟ್ಟಿರಬಹುದು. ಸರಿಯಾಗಿ ಬರೆಯದ ಒಂದು ಆಂಪರ್ಸೆಂಡ್ (&) ಚಿಹ್ನೆ ಸಾಕು ಕೆಡಲು. ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆಯಾದ ಡಬ್ಲ್ಯೂ3ಸಿಯ ಫೀಡ್ ಪರೀಕ್ಷಕಕ್ಕೆ ವಿಳಾಸ ಕೊಟ್ಟರೆ ಯಾವ ಸಾಲಿನಲ್ಲಿ ತಪ್ಪೆಂದು ತೋರಿಸುತ್ತದೆ. ರೀಡರ್ ಆಗಾಗ ಮಾತ್ರ ಹೋಗಿ ನೋಡಿಬರುವುದರಿಂದ, ತರಗತಿಯಲ್ಲೇ ಬರೆಸಿ ಅಲ್ಲೇ ಪರದೆಯಲ್ಲಿ ತೋರಿಸುವ ಯೋಜನೆ ಕೈಕೊಡುತ್ತದೆ.

ಓಪಿಎಂಎಲ್ ಪ್ರತಿಯನ್ನು ಪ್ರತಿ ಶೈಕ್ಷಣಿಕ ಅವಧಿಯ ಕೊನೆಗೆ ಇಳಿಸಿಟ್ಟುಕೊಳ್ಳಿ. ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದಾಗ ಪಟ್ಟಿ ಕೈಯಲ್ಲಿದ್ದವರು ಬೇರೆ ರೀಡರ್‌ಗೆ ಸುಲಭವಾಗಿ ದಾಟಿಕೊಂಡರು.