ನಲವತ್ತು ದಾಟಿದವರಿಗೆ ಸೈಕಲ್ ಕಲಿಸುವ ಕ್ರಮ ಯಾವುದು?

ಪ್ರಶ್ನೆ (ಸಿಂಧನೂರು):
ನಮ್ಮ ಅಕ್ಕನಿಗೆ ಬಾಲ್ಯದಲ್ಲಿ ಸೈಕಲ್ ಮುಟ್ಟುವ ಅವಕಾಶವೇ ಸಿಗಲಿಲ್ಲ. ಈಗ ಗದ್ದೆಗೂ ಸಂತೆಗೂ ತಾವೇ ಹೋಗಿಬರಬೇಕೆಂಬ ಹಂಬಲವಿದೆ. ನಾನು ಸೀಟು ಹಿಡಿದು ಹಿಂದೆ ಓಡುತ್ತೇನೆ, ಕೈ ಬಿಟ್ಟೊಡನೆ ಅವರು ವಾಲುತ್ತಾರೆ. ಬೇರೆ ಕ್ರಮವಿದೆಯೇ?

ಉತ್ತರ (ದೈಹಿಕ ಶಿಕ್ಷಣ ಶಿಕ್ಷಕ, ಕೊಪ್ಪಳ):
ನೀವು ಸೀಟು ಹಿಡಿದಷ್ಟು ಹೊತ್ತು ಸಮತೋಲನ ಕಾಯುವವರು ನೀವೇ, ಅವರಲ್ಲ. ಮೊದಲು ಎರಡೂ ಪೆಡಲ್ ಬಿಚ್ಚಿಡಿ. ಎಡ ಪೆಡಲಿನ ತಿರುಪು ವಿರುದ್ಧ ದಿಕ್ಕಿನದಾದ್ದರಿಂದ ಅದನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಸಡಿಲವಾಗುತ್ತದೆ. ಕುಳಿತಾಗ ಎರಡೂ ಪಾದಗಳು ಪೂರ್ತಿಯಾಗಿ ನೆಲಕ್ಕೆ ಊರುವಷ್ಟು ಸೀಟು ಇಳಿಸಿ, ಕಾಲಿನಿಂದ ನೆಲ ತಳ್ಳುತ್ತ ಸಾಗಲು ಹೇಳಿ. ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸಿದರೆ ಚಕ್ರಗಳು ದೇಹದ ಭಾರದ ಕೆಳಗೆ ಬಂದು ಸೈಕಲ್ ನೆಟ್ಟಗಾಗುತ್ತದೆ. ಇದನ್ನು ಮಾತಿನಲ್ಲಿ ಕಲಿಸಲಾಗದು, ದೇಹವೇ ಕಂಡುಕೊಳ್ಳಬೇಕು. ಪೆಡಲ್ ತುಳಿಯುವುದು ಆಮೇಲೆ ತಾನಾಗಿ ಬರುತ್ತದೆ.

ಉತ್ತರ (ರಾಯಚೂರು):
ಸೀರೆಯ ನೆರಿಗೆ ಸಿಕ್ಕಿಕೊಳ್ಳದಂತೆ ಚೈನ್ ಕವರ್ ಇರುವ ಲೇಡೀಸ್ ಸೈಕಲ್ ಕೊಡಿ. ಜನ ಸೇರದ ಮೈದಾನವನ್ನು ಆರಿಸಿ. ದೊಡ್ಡವರಿಗೆ ಬೀಳುವ ಭಯಕ್ಕಿಂತ ನೋಡಿ ನಗುವವರ ಭಯವೇ ಹೆಚ್ಚು.

ಉತ್ತರ (ಬಳ್ಳಾರಿ):
ನಿಮ್ಮ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯ ಮೇಲಂತೂ ಅಭ್ಯಾಸ ಬೇಡ. ಹೊಸಬರ ಸೈಕಲ್ ಕಣ್ಣು ನೆಟ್ಟ ಕಡೆಗೇ ಹೋಗುತ್ತದೆ.