ಕೈತಿರುವು ಬಟ್ಟೆ ಒಗೆಯುವ ಯಂತ್ರ: ಹಿಡಿ ಭಾರ, ಹಿಂದಿನಿಂದ ನೀರು, ಬಿಳಿ ಬಟ್ಟೆಗೆ ಕಪ್ಪು ಕಲೆ

ಹೊಸಹಿಡಿ

ನಮಸ್ಕಾರ. ಯಂತ್ರದ ವಿವರ ಮೊದಲು ಕೊಡುತ್ತೇನೆ. ಸ್ಟೀಲ್ ಡ್ರಮ್ಮು, ಅಡ್ಡಳತೆ 40 ಸೆಂ.ಮೀ., ಆಳ 30 ಸೆಂ.ಮೀ. ಹೊರಗೆ ಪ್ಲಾಸ್ಟಿಕ್ ತೊಟ್ಟಿ, ಮುಂದೆ ಬಾಗಿಲು. ಶಾಫ್ಟು ಹಿಂದುಗಡೆ ಮಾತ್ರ ಇದೆ, ಅದಕ್ಕೆ ಎರಡು ಬೇರಿಂಗು. ಒಗೆಯುವಾಗ ಹಿಡಿಯನ್ನು ನೇರವಾಗಿ ಶಾಫ್ಟಿನ ತುದಿಗೇ ಸಿಕ್ಕಿಸುವುದು. ಹಿಂಡುವುದಕ್ಕೆ ಇನ್ನೊಂದು ಹಿಡಿ ಇದೆ: 48 ಹಲ್ಲಿನ ಸೈಕಲ್ ಹಲ್ಲುಚಕ್ರದಿಂದ ಶಾಫ್ಟಿನ ಮೇಲಿರುವ 16 ಹಲ್ಲಿನ ಫ್ರೀವೀಲಿಗೆ (ಒಂದೇ ದಿಕ್ಕಿಗೆ ಕಚ್ಚುವ ಹಲ್ಲುಚಕ್ರ) ಚೈನು.

ತೊಂದರೆಗಳು ಇವು. ಹಿಡಿ ದಿನೇದಿನೇ ಭಾರವಾಗುತ್ತಿದೆ, ಅದರಲ್ಲೂ ಹಿಮ್ಮುಖವಾಗಿ ತಿರುಗಿಸುವಾಗ ತೋಳು ಸೋಲುತ್ತದೆ. ತೊಟ್ಟಿಯ ಹಿಂದಿನಿಂದ ನೀರು ತೊಟ್ಟಿಕ್ಕುತ್ತಿದೆ. ಬಿಳಿ ಬಟ್ಟೆಗಳ ಮೇಲೆ ಸಾಸಿವೆ ಗಾತ್ರದ ಕಪ್ಪು ಜಿಡ್ಡಿನ ಕಲೆ. ಹಿಂಡಿದ ಮೇಲೂ ಬಟ್ಟೆಯಿಂದ ನೀರು ಸುರಿಯುತ್ತದೆ. ಬೇರಿಂಗಿಗೆ ಸ್ಪ್ರೇ ಎಣ್ಣೆ ಹೊಡೆದರೆ ಸರಿಹೋಗುತ್ತದೆಯೇ?

ಚಕ್ರಚಾಲಕ

ದಯವಿಟ್ಟು ಎಣ್ಣೆ ಹೊಡೆಯಬೇಡಿ. ಸ್ಪ್ರೇ ಎಣ್ಣೆ ತೆಳು. ಬೇರಿಂಗಿನಲ್ಲಿ ಉಳಿದಿರುವ ಅಷ್ಟಿಷ್ಟು ಗ್ರೀಸನ್ನೂ ಅದು ಕರಗಿಸಿ ಹೊರಗೆ ತರುತ್ತದೆ. ಎರಡು ದಿನ ಹಗುರ ಅನಿಸಿ, ಆಮೇಲೆ ಇನ್ನೂ ಬೇಗ ಸವೆಯುತ್ತದೆ. ಬಟ್ಟೆಯ ಕಲೆಯೂ ಹೆಚ್ಚುತ್ತದೆ.

ಬಿಚ್ಚುವ ಮೊದಲು ಐದು ಪರೀಕ್ಷೆ ಮಾಡಿ. ಡ್ರಮ್ಮಿನಲ್ಲಿ ಬಟ್ಟೆ, ನೀರು ಎರಡೂ ಇರಬಾರದು. ಮೊದಲು ಚೈನನ್ನು ಹಲ್ಲಿನಿಂದ ಕೆಳಗಿಳಿಸಿ ಡ್ರಮ್ಮನ್ನು ಕೈಯಿಂದ ಎರಡೂ ದಿಕ್ಕಿಗೆ ತಿರುಗಿಸಿ, ಭಾರದಲ್ಲಿ ವ್ಯತ್ಯಾಸ ಇದೆಯೇ ನೋಡಿ. ಜೋರಾಗಿ ಒಮ್ಮೆ ತಳ್ಳಿ ಬಿಟ್ಟು ಎಷ್ಟು ಸುತ್ತಿಗೆ ನಿಲ್ಲುತ್ತದೆ ಎಣಿಸಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಮನೆಗೆ (ಬೇರಿಂಗು ಕೂತಿರುವ ಗೂಡಿಗೆ) ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಸದ್ದು ಕೇಳಿ. ಬಾಗಿಲಿನ ಕಡೆಯ ಅಂಚನ್ನು ಹಿಡಿದು ಡ್ರಮ್ಮನ್ನು ಮೇಲೆತ್ತಿ ಕೆಳಗೊತ್ತಿ, ಎಷ್ಟು ಅಲುಗಾಡುತ್ತದೆ ನೋಡಿ. ಕೊನೆಯದಾಗಿ, ಬೇರಿಂಗ್ ಮನೆಯ ಕೆಳಭಾಗದಲ್ಲಿ 4-5 ಮಿ.ಮೀ. ತೂತೊಂದು ಇರಬೇಕು. ನೀರು ಬರುತ್ತಿರುವುದು ಆ ತೂತಿನಿಂದಲೋ, ತೊಟ್ಟಿಯ ಜೋಡಣೆಯಿಂದಲೋ, ಬಸಿಯುವ ಪೈಪಿನ ಬುಡದಿಂದಲೋ? ಒಣ ಕಾಗದ ಒತ್ತಿ ಹಿಡಿದರೆ ಗೊತ್ತಾಗುತ್ತದೆ.

ಹೊಸಹಿಡಿ

ಮಾಡಿ ನೋಡಿದೆ. ಚೈನು ಇಳಿಸಿದ ಮೇಲೆ ಎರಡೂ ದಿಕ್ಕಿಗೆ ಒಂದೇ ಭಾರ, ಹಿಮ್ಮುಖದಲ್ಲಿದ್ದ ಹೆಚ್ಚಿನ ಭಾರ ಹೋಯಿತು. ಆದರೂ ಹಗುರವಲ್ಲ: ಜೋರಾಗಿ ತಳ್ಳಿದರೂ ಒಂದೂವರೆ ಸುತ್ತಿಗೆ ನಿಂತುಬಿಡುತ್ತದೆ. ಸ್ಕ್ರೂಡ್ರೈವರಿನಲ್ಲಿ ಮರಳು ಅರೆದ ಹಾಗೆ ಗರಗರ. ಅಂಚು ಸುಮಾರು 3 ಮಿ.ಮೀ. ಅಲುಗುತ್ತದೆ. ನೀರು ಬರುತ್ತಿರುವುದು ನೀವು ಹೇಳಿದ ತೂತಿನಿಂದಲೇ, ಕಂದು ಬಣ್ಣ ಇದೆ.

ಚಕ್ರಚಾಲಕ

ಹಾಗಾದರೆ ನಿಮ್ಮದು ಒಂದು ರೋಗವಲ್ಲ, ಎರಡು. ಹಿಮ್ಮುಖದ ಭಾರ ಚೈನಿನದು, ಅದನ್ನು ಆಮೇಲೆ ನೋಡೋಣ. ದೊಡ್ಡದು ಸೀಲಿನದು.

ತೊಟ್ಟಿಯ ನೀರಿಗೂ ಬೇರಿಂಗಿಗೂ ನಡುವೆ ಇರುವುದು ಒಂದು ಆಯಿಲ್ ಸೀಲ್ ಮಾತ್ರ. ಅದರ ರಬ್ಬರ್ ತುಟಿ ಶಾಫ್ಟನ್ನು ಸುತ್ತಲೂ ಹಿಡಿದಿರುತ್ತದೆ, ತುಟಿಯ ಹಿಂದೆ ಬಳೆಯಂಥ ಸಣ್ಣ ಸ್ಪ್ರಿಂಗು ಒತ್ತಿ ಕೊಡುತ್ತದೆ. ತುಟಿ ಸವೆದಾಗ ಸೋಪಿನ ನೀರು ಒಳಗೆ ನುಗ್ಗುತ್ತದೆ. ಸೋಪಿನ ಕೆಲಸವೇ ಜಿಡ್ಡು ತೆಗೆಯುವುದು, ಬೇರಿಂಗಿನ ಗ್ರೀಸು ಅದಕ್ಕೆ ಜಿಡ್ಡೇ. ಗ್ರೀಸು ತೊಳೆದುಹೋಗಿ ಉಕ್ಕಿನ ಗುಂಡು ತುಕ್ಕು ಹಿಡಿಯುತ್ತದೆ. ನಿಮ್ಮ ಕಂದು ನೀರು ಆ ತುಕ್ಕು, ಬಟ್ಟೆಯ ಕಪ್ಪು ಕಲೆ ಸೀಲಿನ ಕಡೆಯಿಂದ ತೊಟ್ಟಿಗೆ ಜಾರಿದ ಗ್ರೀಸು. ಆ ಸಣ್ಣ ತೂತನ್ನು ಇಟ್ಟಿರುವುದು ಸೀಲು ದಾಟಿದ ನೀರು ಬೇರಿಂಗಿನ ಕಡೆ ಹೋಗದೆ ಹೊರಗೆ ಬೀಳಲಿ ಎಂದೇ. ಸೋರುತ್ತಿದೆ ಎಂದು ಎಂ-ಸೀಲ್ ಮೆತ್ತಿ ಅದನ್ನು ಮುಚ್ಚಬೇಡಿ. ಮುಚ್ಚಿದರೆ ನೀರಿಗೆ ಉಳಿಯುವ ದಾರಿ ಬೇರಿಂಗ್ ಒಂದೇ.

ಬೇರಿಂಗು ಮಾತ್ರ ಬದಲಿಸಿ ಹಳೆಯ ಸೀಲು ಉಳಿಸಿದರೆ ದುಡ್ಡೂ ಹೋಯಿತು, ಶ್ರಮವೂ ಹೋಯಿತು. ಎರಡು ಬೇರಿಂಗು ಮತ್ತು ಸೀಲು, ಮೂರನ್ನೂ ಒಟ್ಟಿಗೇ ಬದಲಿಸಿ.

ಬೇರಿಂಗಿನ ಬದಿಯಲ್ಲಿ ನಂಬರು ಕೆತ್ತಿರುತ್ತದೆ. ಈ ಅಳತೆಯ ಡ್ರಮ್ಮಿಗೆ ಸಾಮಾನ್ಯವಾಗಿ ಒಳಗಡೆ 6205 (ಒಳವ್ಯಾಸ 25, ಹೊರವ್ಯಾಸ 52, ದಪ್ಪ 15 ಮಿ.ಮೀ.), ಹೊರಗಡೆ 6204 (20, 47, 14) ಇರುತ್ತದೆ. ಆದರೆ ನಿಮ್ಮದರ ಮೇಲಿರುವ ನಂಬರನ್ನೇ ನಂಬಿ. ನಂಬರಿನ ಮುಂದೆ '2ಆರ್‌ಎಸ್' ಇರುವುದನ್ನೇ ಕೊಳ್ಳಿ, ಅಂದರೆ ಎರಡೂ ಬದಿಗೆ ರಬ್ಬರ್ ಮುಚ್ಚಳ. 'ಝಡ್‌ಝಡ್' ಎಂದರೆ ತಗಡಿನ ಮುಚ್ಚಳ. ಅದು ಧೂಳು ತಡೆಯುತ್ತದೆ, ನೀರು ತಡೆಯುವುದಿಲ್ಲ. ಸೀಲಿನ ಮೇಲೂ 30-52-10 ಎಂಬಂತೆ ಮೂರು ಅಂಕಿ ಇರುತ್ತದೆ: ಶಾಫ್ಟಿನ ವ್ಯಾಸ, ಮನೆಯ ವ್ಯಾಸ, ದಪ್ಪ.

ಬಿಚ್ಚುವ ಕ್ರಮ: ಫ್ರೀವೀಲನ್ನೂ ಹಿಂದಿನ ಬೋಲ್ಟನ್ನೂ ತೆಗೆಯಿರಿ. ಬೋಲ್ಟನ್ನು ನಾಲ್ಕೈದು ಸುತ್ತು ಮಾತ್ರ ವಾಪಸ್ ಹಾಕಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಹೊಡೆದರೆ ಶಾಫ್ಟು ಡ್ರಮ್ಮಿನೊಂದಿಗೆ ಮುಂದಕ್ಕೆ ಸರಿಯುತ್ತದೆ. ಶಾಫ್ಟಿಗೆ ನೇರವಾಗಿ ಸುತ್ತಿಗೆ ತಾಗಿದರೆ ತುದಿ ಅಗಲವಾಗಿ ಬೇರಿಂಗು ಹೊರಬರುವುದೇ ಇಲ್ಲ. ಆಮೇಲೆ ಸೀಲನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಿರಿ, ಹೇಗೂ ಅದು ಮತ್ತೆ ಬಳಸುವಂಥದ್ದಲ್ಲ. ಬೇರಿಂಗನ್ನು ಎದುರು ಬದಿಯಿಂದ ಸರಳು ತೂರಿಸಿ ಹೊರಗೆ ಹೊಡೆಯಿರಿ. ಒಂದೇ ಕಡೆ ಹೊಡೆದರೆ ಓರೆಯಾಗಿ ಸಿಕ್ಕಿಬೀಳುತ್ತದೆ, ಎದುರುಬದುರು ಜಾಗ ಬದಲಿಸುತ್ತಾ ಹೊಡೆಯಬೇಕು.

ಕೂರಿಸುವಾಗ ಹೊಸ ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎರಡು ಗಂಟೆ ಫ್ರೀಜರಿನಲ್ಲಿಡಿ. ಬೇರಿಂಗ್ ಮನೆಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಐದು ನಿಮಿಷ ಬಿಟ್ಟು, ಒರೆಸಿ ಒಣಗಿಸಿ. ಆಗ ಅರ್ಧ ದಾರಿ ಕೈಯಲ್ಲೇ ಹೋಗುತ್ತದೆ. ಉಳಿದದ್ದಕ್ಕೆ ಹಳೇ ಬೇರಿಂಗಿನ ಹೊರಬಳೆಯನ್ನೇ ಅದರ ಮೇಲಿಟ್ಟು ಹೊಡೆಯಿರಿ. ಮನೆಯೊಳಗೆ ಕೂರಿಸುವಾಗ ಪೆಟ್ಟು ಹೊರಬಳೆಗೇ ಬೀಳಬೇಕು. ಒಳಬಳೆಗೆ ಹೊಡೆದರೆ ಆ ಪೆಟ್ಟು ಗುಂಡುಗಳ ಮೂಲಕ ಹಾದು, ಅವು ಓಡುವ ದಾರಿಯಲ್ಲಿ ಗುಳಿ ಬೀಳುತ್ತದೆ. ಹೊಸ ಬೇರಿಂಗು ಮೊದಲ ದಿನವೇ ಗರಗರ ಅನ್ನುವುದು ಹೆಚ್ಚಾಗಿ ಇದರಿಂದಲೇ.

ಸೀಲಿನ ಸ್ಪ್ರಿಂಗ್ ಕಾಣುವ ಬದಿ ನೀರಿನ ಕಡೆಗೆ ಇರಲಿ. ತಿರುಗುಮುರುಗಾದರೆ ನೀರೇ ತುಟಿಯನ್ನು ಬಿಡಿಸಿಕೊಂಡು ಒಳಗೆ ಬರುತ್ತದೆ. ಸೀಲಿಗೆ ಎರಡು ತುಟಿ ಇದ್ದರೆ ಅವುಗಳ ನಡುವಿನ ಜಾಗದಲ್ಲಿ ಅರ್ಧದಷ್ಟು ಮಾತ್ರ ನೀರು ತಡೆಯುವ ಗ್ರೀಸು ತುಂಬಿ. ಪೂರ್ತಿ ತುಂಬಿದರೆ ಹೆಚ್ಚಾದದ್ದು ತೊಟ್ಟಿಗೇ ಬಂದು ಮತ್ತೆ ಬಟ್ಟೆಗೆ ಕಲೆ. ಶಾಫ್ಟಿನ ಮೆಟ್ಟಿಲು ಮತ್ತು ಕೀಲಿ ಕೂರುವ ಕಚ್ಚಿನ ಚೂಪು ಅಂಚುಗಳಿಗೆ ಟೇಪು ಸುತ್ತಿ ಆಮೇಲೆ ತೂರಿಸಿ, ಇಲ್ಲದಿದ್ದರೆ ತುಟಿ ಅಲ್ಲೇ ಸೀಳುತ್ತದೆ.

ನೂಲುನೀರು

ಹಿಮ್ಮುಖದ ಭಾರದ ಬಗ್ಗೆ ನಾನು ಹೇಳುತ್ತೇನೆ. ಫ್ರೀವೀಲಿನ ಒಳಗೆ ಎರಡು ಸಣ್ಣ ನಾಲಗೆಗಳಿವೆ. ಶಾಫ್ಟು ಮುಂದಕ್ಕೆ ಓಡುವಾಗ ಅವು ಹಲ್ಲಿನ ಮೇಲೆ ಕಿಟಿಕಿಟಿ ಜಾರುತ್ತವೆ, ಚೈನು ಸುಮ್ಮನಿರುತ್ತದೆ. ಶಾಫ್ಟನ್ನು ಹಿಂದಕ್ಕೆ ತಿರುಗಿಸಿದರೆ ಅದೇ ನಾಲಗೆಗಳು ಕಚ್ಚಿಕೊಂಡು ಚೈನು, 48 ಹಲ್ಲಿನ ಚಕ್ರ, ಹಿಂಡುವ ಹಿಡಿ ಎಲ್ಲವನ್ನೂ ಎಳೆಯುತ್ತವೆ. ಮೂರು ಸುತ್ತಿಗೊಮ್ಮೆ ಆ ಹಿಡಿ ಗಿರಕಿ ಹೊಡೆದು ಮಣಿಕಟ್ಟಿಗೂ ಬಡಿಯಬಹುದು. ಒಗೆಯುವಾಗ ಚೈನನ್ನು ಇಳಿಸಿ ಕೊಕ್ಕೆಗೆ ಸಿಕ್ಕಿಸಿಡಿ, ಹಿಂಡುವ ಹಿಡಿಯನ್ನೂ ಕಳಚಿಡಿ.

ಹಿಂಡುವಾಗಲೂ ಚೈನು ಒಂದು ಸುತ್ತು ಬರುವಾಗೊಮ್ಮೆ ಹಿಡಿದಂತಾದರೆ ಚೈನಿನ ಯಾವುದೋ ಕೊಂಡಿ ಗಟ್ಟಿಯಾಗಿದೆ. ಚೈನನ್ನು ನಿಧಾನ ಹಿಂದಕ್ಕೆ ಎಳೆದಾಗ ಆ ಕೊಂಡಿ ನೇರವಾಗದೆ ಗೂನು ಬೆನ್ನಿನಂತೆ ಉಳಿಯುತ್ತದೆ. ಅಲ್ಲಿ ಒಂದು ಹನಿ ಎಣ್ಣೆ ಬಿಟ್ಟು ಅಡ್ಡಡ್ಡ ಬಗ್ಗಿಸಿ. ಸವೆತ ನೋಡಲು 24 ಕೊಂಡಿಗಳ ಉದ್ದ ಅಳೆಯಿರಿ: ಹೊಸದು 304.8 ಮಿ.ಮೀ., 307 ದಾಟಿದ್ದರೆ ಬದಲಿಸಿ. ನಡುವೆ ಒತ್ತಿದಾಗ 10-15 ಮಿ.ಮೀ. ಸಡಿಲ ಇರಲಿ. ಬಿಗಿ ಚೈನು ಬೇರಿಂಗಿನ ಮೇಲೆ ಒಂದೇ ಕಡೆ ಎಳೆತ ಹಾಕುತ್ತದೆ.

ಈಗ ಬಟ್ಟೆ ಹಿಂಡದ ವಿಷಯ. ನಿಮಿಷಕ್ಕೆ ಎಷ್ಟು ಸುತ್ತು ಹಿಡಿ ತಿರುಗಿಸುತ್ತೀರಿ, ಎಷ್ಟು ಬಟ್ಟೆ ಹಾಕುತ್ತೀರಿ, ಯಾವ ಪುಡಿ?

ಹೊಸಹಿಡಿ

ಒಗೆಯುವಾಗಲೂ ಹಿಂಡುವಾಗಲೂ ಸುಮಾರು 70 ಸುತ್ತು. ಡ್ರಮ್ಮು ತುಂಬುವಷ್ಟು ಬಟ್ಟೆ, ಒಣಗಿದ್ದಾಗ 5 ಕಿಲೋ ಬರಬಹುದು. ಬಕೆಟ್ಟಿನಲ್ಲಿ ಒಗೆಯುವ ಪುಡಿ, ಎರಡು ದೊಡ್ಡ ಚಮಚ, ರಾಶಿಯಾಗಿ ತುಂಬಿ. ನೊರೆ ಚೆನ್ನಾಗಿ ಬರುತ್ತದೆ, ಆದರೆ ಕಾಲರಿನ ಕೊಳೆ ಹೋಗುವುದಿಲ್ಲ.

ನೂಲುನೀರು

ಕೊಳೆ ಹೋಗದ್ದಕ್ಕೆ ಕಾರಣ ಆ 70ರಲ್ಲೇ ಇದೆ. ಮಲಗಿದ ಡ್ರಮ್ಮಿನಲ್ಲಿ ಬಟ್ಟೆ ಶುಭ್ರವಾಗುವುದು ಮೇಲಕ್ಕೆ ಏರಿ ದೊಪ್ಪನೆ ನೀರಿಗೆ ಬೀಳುವುದರಿಂದ. ಒಂದು ವೇಗ ದಾಟಿದರೆ ಬಟ್ಟೆ ಬೀಳದೆ ಗೋಡೆಗೆ ಅಂಟಿಕೊಂಡೇ ಸುತ್ತುತ್ತದೆ. 40 ಸೆಂ.ಮೀ. ಡ್ರಮ್ಮಿಗೆ ಆ ವೇಗ ನಿಮಿಷಕ್ಕೆ ಸುಮಾರು 67 ಸುತ್ತು. ಹೆಚ್ಚು ಶ್ರಮಪಟ್ಟು ತಿರುಗಿಸಿದಷ್ಟೂ ನಿಮ್ಮ ಬಟ್ಟೆ ಕಡಿಮೆ ಒಗೆಯಲ್ಪಡುತ್ತಿದೆ. 45ರಿಂದ 50ಕ್ಕೆ ಇಳಿಸಿ. ಸರಿಯಾದ ವೇಗದಲ್ಲಿ 'ದೊಪ್, ದೊಪ್' ಸದ್ದು ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಸದ್ದು ನಿಂತು ಬರೀ ಸರ್ ಅಂದರೆ ವೇಗ ಜಾಸ್ತಿ. ಹದಿನೈದು ಸುತ್ತು ಮುಂದೆ, ಹದಿನೈದು ಹಿಂದೆ. ಒಂದೇ ಕಡೆ ತಿರುಗಿಸಿದರೆ ಸೀರೆ, ಹೊದಿಕೆಗಳು ಹಗ್ಗದ ಹಾಗೆ ಹೊಸೆದುಕೊಳ್ಳುತ್ತವೆ.

ನಿಮ್ಮ ಡ್ರಮ್ಮಿನ ಒಳಗಾತ್ರ ಸುಮಾರು 37 ಲೀಟರು. ಅದಕ್ಕೆ 3 ಕಿಲೋ ಒಣಬಟ್ಟೆ ಸಾಕು. ಹಾಕಿದ ಮೇಲೆ ಮೇಲುಗಡೆ ಒಂದು ಅಂಗೈ ನಿಲ್ಲಿಸುವಷ್ಟು ಜಾಗ ಇರಬೇಕು, ಇಲ್ಲದಿದ್ದರೆ ಬೀಳುವುದಕ್ಕೆ ಎಡೆ ಎಲ್ಲಿ? ನೊರೆಯೂ ಶತ್ರುವೇ. ನೊರೆಯ ಮೆತ್ತೆಯ ಮೇಲೆ ಬಿದ್ದ ಬಟ್ಟೆಗೆ ಪೆಟ್ಟು ತಾಗುವುದಿಲ್ಲ. ಹಿಂಡುವಾಗ ಅದೇ ನೊರೆ ಡ್ರಮ್ಮಿಗೂ ತೊಟ್ಟಿಗೂ ನಡುವೆ ತುಂಬಿ ಬ್ರೇಕಿನಂತೆ ಹಿಡಿಯುತ್ತದೆ, ನೀರನ್ನೂ ಕೆಳಗಿಳಿಯಲು ಬಿಡುವುದಿಲ್ಲ. ಮುಂಬಾಗಿಲಿನ ಯಂತ್ರಕ್ಕೆಂದೇ ಬರುವ ಕಡಿಮೆ ನೊರೆಯ ಪುಡಿ ಒಂದು ಚಮಚ, ಅಂಚಿನ ಮಟ್ಟಕ್ಕೆ ಮಾತ್ರ. ಕಾಲರಿಗೆ ಮೊದಲೇ ಸೋಪು ತಿಕ್ಕಿ ಅರ್ಧ ಗಂಟೆ ನೆನೆಸಿ.

ಹಿಂಡುವ ಲೆಕ್ಕ: ಹಿಡಿ 70, ಹಲ್ಲಿನ ಅನುಪಾತ 3, ಡ್ರಮ್ಮು 210 ಸುತ್ತು. ಆಗ ನೀರನ್ನು ಹೊರಗೆ ಎಳೆಯುವ ಬಲ ಅದರ ತೂಕದ ಹತ್ತು ಪಟ್ಟು. ಹಿಡಿಯನ್ನು 85ಕ್ಕೆ ಏರಿಸಿದರೆ ಡ್ರಮ್ಮು 255, ಬಲ ಹದಿನಾಲ್ಕು ಪಟ್ಟು ದಾಟುತ್ತದೆ. ಬಲ ಏರುವುದು ವೇಗದ ವರ್ಗದಲ್ಲಿ, ಹಾಗಾಗಿ ನಾಲ್ಕು ನಿಮಿಷ ನಿಧಾನವಾಗಿ ತಿರುಗಿಸುವುದಕ್ಕಿಂತ 40 ಸೆಕೆಂಡಿನ ಮೂರು ಜೋರು ಸರದಿ ಮೇಲು. ಪ್ರತಿ ಸರದಿಯ ನಡುವೆ ನಿಲ್ಲಿಸಿ ಬಟ್ಟೆ ಬಿಡಿಸಿ ಸುತ್ತಲೂ ಸಮನಾಗಿ ಹರಡಿ. ಬಸಿಯುವ ಪೈಪು ಎಲ್ಲೂ ಮೇಲೆದ್ದು ಬಾಗಿರಬಾರದು. ಫ್ರೀವೀಲನ್ನು 14 ಹಲ್ಲಿನದಕ್ಕೆ ಬದಲಿಸುವ ಆಸೆ ಬರಬಹುದು, ಆದರೆ 16ರದ್ದರ ಒಳತಿರುಪಿನ ವ್ಯಾಸ ಸುಮಾರು 35 ಮಿ.ಮೀ., 14ರದ್ದು 30 ಮಿ.ಮೀ. ಇದ್ದ ಜಾಗಕ್ಕೆ ಕೂರುವುದಿಲ್ಲ.

ಹೊಸಹಿಡಿ

ಬಿಚ್ಚಿದೆ. ನಂಬರು ನೀವು ಹೇಳಿದವೇ. ಸೀಲು ಕೂರುವ ಕಡೆ ಶಾಫ್ಟಿನಲ್ಲಿ ಸುತ್ತಲೂ ಒಂದು ಗೀರು, ಉಗುರು ಆಡಿಸಿದರೆ ಸಿಕ್ಕುತ್ತದೆ. ಡ್ರಮ್ಮಿನ ಹಿಂದಿರುವ ಮೂರು ತೋಳಿನ ಅಲ್ಯೂಮಿನಿಯಂ ಹಿಡಿಕೆಯ ಮೇಲೆ ಬಿಳಿ ಪುಡಿ ಕಟ್ಟಿದೆ.

ಚಕ್ರಚಾಲಕ

ಉಗುರು ಸಿಕ್ಕುವ ಗೀರಿನ ಮೇಲೆ ಹೊಸ ಸೀಲು ನಿಲ್ಲುವುದಿಲ್ಲ. 10 ಮಿ.ಮೀ. ದಪ್ಪದ ಬದಲು 30-52-7 ಸೀಲು ತನ್ನಿ. ತುಟಿ ಗೀರಿನ ಮೇಲೆ ಬೀಳದೆ ಪಕ್ಕದ ನುಣುಪು ಜಾಗಕ್ಕೆ ಬರುವಂತೆ ಗುರುತು ಹಾಕಿಕೊಂಡು ಕೂರಿಸಿ. ತುಕ್ಕಿನ ಚುಕ್ಕೆಗಳಿಗೆ 400, ಆಮೇಲೆ 800 ನಂಬರಿನ ಮರಳು ಕಾಗದ. ಕಾಗದವನ್ನು ಪಟ್ಟಿಯಂತೆ ಸುತ್ತಿ ಶಾಫ್ಟಿನ ಸುತ್ತಲೂ ಎಳೆಯಿರಿ, ಉದ್ದುದ್ದಕ್ಕೆ ಉಜ್ಜಬೇಡಿ. ಉದ್ದನೆಯ ಗೆರೆ ಎಷ್ಟೇ ಸಣ್ಣದಿದ್ದರೂ ತುಟಿಯ ಕೆಳಗೆ ನೀರಿಗೆ ಕಾಲುವೆಯಾಗುತ್ತದೆ.

ಬಿಳಿ ಪುಡಿ ಅಲ್ಯೂಮಿನಿಯಂ ಕೊರೆತ. ವಾಷಿಂಗ್ ಸೋಡಾದಂಥ ಕ್ಷಾರ ಅಲ್ಯೂಮಿನಿಯಂ ತಿನ್ನುತ್ತದೆ, ಪಕ್ಕದಲ್ಲೇ ಸ್ಟೀಲು ಒದ್ದೆಯಾಗಿದ್ದರೆ ಇನ್ನೂ ಬೇಗ. ಪುಡಿ ಕೆರೆದು ತೆಗೆದು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಗಟ್ಟಿ ಲೋಹ ಸಿಕ್ಕರೆ ಬಳಸಬಹುದು. ಪದರ ಪದರವಾಗಿ ಉದುರಿದರೆ, ಅಥವಾ ತೋಳಿನ ಬುಡದಲ್ಲಿ ಬಿರುಕು ಕಂಡರೆ ಹಿಂಡುವುದಕ್ಕೆ ಆ ಡ್ರಮ್ಮನ್ನು ಬಳಸಲೇಬೇಡಿ. 250 ಸುತ್ತಿನಲ್ಲಿ ತೋಳು ಮುರಿದರೆ ಡ್ರಮ್ಮು ತೊಟ್ಟಿಯನ್ನೇ ಒಡೆಯುತ್ತದೆ. ಇನ್ನು ಮೇಲೆ ಸೋಡಾ ಹಾಕುವುದಿದ್ದರೆ ಬೇರೆ ಬಕೆಟ್ಟಿನಲ್ಲಿ ನೆನೆಸಿ, ಜಾಲಿಸಿ, ಆಮೇಲೆ ಯಂತ್ರಕ್ಕೆ ಹಾಕಿ. ಕೆಲಸ ಮುಗಿದ ಮೇಲೆ ಬರೀ ನೀರು ಹಾಕಿ ಹತ್ತು ಸುತ್ತು ತಿರುಗಿಸಿ ಬಸಿದು, ಬಾಗಿಲು ತೆರೆದೇ ಇಡಿ.

ಹೊಸಹಿಡಿ

ಜೋಡಿಸಿದೆ. ತೋಳುಗಳು ಗಟ್ಟಿಯಾಗಿವೆ, ಬಿರುಕಿಲ್ಲ. ಖಾಲಿ ಡ್ರಮ್ಮನ್ನು ತಳ್ಳಿ ಬಿಟ್ಟರೆ ಒಂಬತ್ತು ಸುತ್ತು ಓಡುತ್ತದೆ, ಗರಗರ ಇಲ್ಲ, ಅಂಚಿನ ಅಲುಗಾಟ ಕಣ್ಣಿಗೆ ಕಾಣುವುದಿಲ್ಲ. 3 ಕಿಲೋ ಬಟ್ಟೆಗೆ 'ದೊಪ್' ಸದ್ದು ಕೇಳಿಸಿತು. ಒಂದೇ ಅನುಮಾನ: ಕೆಳಗಿನ ತೂತಿನಿಂದ ಮೊದಲ ಒಗೆತದಲ್ಲಿ ಎರಡು ಹನಿ ಬಿತ್ತು.

ಚಕ್ರಚಾಲಕ

ಹನಿ ಸ್ವಚ್ಛವಾಗಿತ್ತೇ, ಜಿಡ್ಡಾಗಿತ್ತೇ? ಹೊಸ ತುಟಿ ಶಾಫ್ಟಿಗೆ ಹೊಂದಿಕೊಳ್ಳಲು ಎರಡು ಮೂರು ಒಗೆತ ಬೇಕು, ಅಷ್ಟರೊಳಗೆ ಒಂದೆರಡು ಹನಿ ಬಂದರೆ ಚಿಂತೆಯಿಲ್ಲ. ತೂತಿನ ಕೆಳಗೆ ಬಿಳಿ ಕಾಗದ ಇಟ್ಟು ಪ್ರತಿ ಸಲ ನೋಡಿ. ನಾಲ್ಕನೇ ಒಗೆತಕ್ಕೂ ಕಾಗದ ಒದ್ದೆಯಾದರೆ ಸೀಲು ಓರೆ ಕೂತಿದೆ: ಸುತ್ತಲೂ ನಾಲ್ಕು ಕಡೆ ಅದರ ಆಳ ಅಳೆಯಿರಿ, ವ್ಯತ್ಯಾಸ ಅರ್ಧ ಮಿ.ಮೀ. ಮೀರಿದ್ದರೆ ಎತ್ತರವಿರುವ ಬದಿಯನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಸಮ ಮಾಡಿ.