‘ಕರಗು’ ಒಂದೇ, ಅರ್ಥ ಎರಡು: ಯೂಟೆಕ್ಟಿಕ್ ದ್ರಾವಕಕ್ಕೆ ಏನೆನ್ನೋಣ?

ಪೆಟ್ರೋಲಿಯಂ ಸಂಸ್ಕರಣೆಯ ಲೇಖನವೊಂದನ್ನು ಕನ್ನಡಕ್ಕೆ ತರುವಾಗ ಒಂದು ಕ್ರಿಯಾಪದಕ್ಕೆ ಸಿಕ್ಕಿಬಿದ್ದಿದ್ದೇನೆ. ಬೆಂಜೀನ್ ಕುದಿಯುವುದು 80.1 ಡಿಗ್ರಿ ಸೆಲ್ಸಿಯಸ್‌ಗೆ, ಸೈಕ್ಲೋಹೆಕ್ಸೇನ್ 80.7ಕ್ಕೆ. ಬೇರ್ಪಡಿಸಲೆಂದು ಬರಿದೇ ಬಟ್ಟಿ ಇಳಿಸಿದರೆ ಎರಡೂ ಜೊತೆಜೊತೆಗೇ ಏಳುತ್ತವೆ. ಹಾಗಾಗಿ ಬೆಂಜೀನಿನ ಕಡೆ ಹೆಚ್ಚು ಒಲವಿರುವ ದ್ರಾವಕವೊಂದನ್ನು ನಡುವೆ ಬಿಡುತ್ತಾರೆ. ಸಲ್ಫೋಲೇನ್ ಅಂಥ ಹಳೆಯ ಕೈ. ಅದರ ಜಾಗಕ್ಕೆಂದು ಪರೀಕ್ಷೆಗೆ ಒಳಗಾಗುತ್ತಿರುವ ‘ಹಸಿರು’ ದ್ರಾವಕಗಳಲ್ಲಿ ‘ಡೀಪ್ ಯೂಟೆಕ್ಟಿಕ್’ ಬಗೆಯವೂ ಇವೆ.

‘ಹಸಿರು’ ಬಗ್ಗೆ ತಕರಾರಿಲ್ಲ. ಹಸಿರು ಪಟಾಕಿಯನ್ನು ಒಪ್ಪಿಕೊಂಡವರು ಇದನ್ನೂ ಒಪ್ಪುತ್ತಾರೆ. ತೊಡಕಿರುವುದು ‘ಯೂಟೆಕ್ಟಿಕ್’ನಲ್ಲಿ. ಗ್ರೀಕ್ ಮೂಲದಲ್ಲಿ ಅದು ‘ಸುಲಭವಾಗಿ ಕರಗುವ’ ಎಂದು. 2003ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆಂಡ್ರ್ಯೂ ಅಬಟ್ ತಂಡ ವರದಿ ಮಾಡಿದ ಮಿಶ್ರಣವನ್ನೇ ನೋಡಿ: ಕೋಳಿ ಆಹಾರಕ್ಕೆ ಬೆರೆಸುವ ಕೋಲೀನ್ ಕ್ಲೋರೈಡ್ ಒಂದು ಪಾಲು, ಗದ್ದೆಗೆ ಎರಚುವ ಯೂರಿಯಾ ಎರಡು ಪಾಲು, ಮೋಲ್ ಲೆಕ್ಕದಲ್ಲಿ, ಅಂದರೆ ತೂಕದಲ್ಲಲ್ಲ, ಕಣಗಳ ಎಣಿಕೆಯಲ್ಲಿ. ಮೊದಲನೆಯದು ಕರಗಲು 302 ಡಿಗ್ರಿ ಬೇಕು, ಎರಡನೆಯದಕ್ಕೆ 133. ಕೂಡಿದರೆ 12 ಡಿಗ್ರಿಗೇ ನೀರಾಗುತ್ತವೆ. ‘ಡೀಪ್’ ಎಂದಿರುವುದು ಈ ಇಳಿತವನ್ನು. ‘ಆಳ ದ್ರಾವಕ’ ಎಂದರೆ ಬಾವಿಯ ನೆನಪಾಗುತ್ತದೆ, ಅಷ್ಟೇ.

ನಾನು ಮೊದಲು ಬರೆದ ವಾಕ್ಯ: ‘ಕಡಿಮೆ ಉಷ್ಣತೆಯಲ್ಲಿ ಕರಗಿದ ದ್ರಾವಕ ಬೆಂಜೀನನ್ನು ಕರಗಿಸಿಕೊಳ್ಳುತ್ತದೆ.’ ಕರಡು ಓದಿದ ಅಕ್ಕ ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದಳು: ‘ಯಾವುದು ಯಾವುದರಲ್ಲಿ ಕರಗಿತು?’ ಬೆಣ್ಣೆ ಕಾವಿಗೆ ಕರಗುತ್ತದೆ, ಸಕ್ಕರೆ ಕಾಫಿಯಲ್ಲಿ ಕರಗುತ್ತದೆ. ನಮಗೆ ಎರಡಕ್ಕೂ ಒಂದೇ ಮಾತು. ಸಂಸ್ಕೃತಕ್ಕೆ ಓಡಿದರೂ ಪಾರಾಗುವುದಿಲ್ಲ: ದ್ರವ, ದ್ರಾವಣ, ದ್ರಾವಕ ಎಲ್ಲವೂ ‘ದ್ರು’ ಧಾತುವಿನವೇ. ‘ವಿಲೀನ’ ಎಂದರೆ ಬ್ಯಾಂಕುಗಳು ಕಣ್ಣ ಮುಂದೆ ಬರುತ್ತವೆ.

ಸದ್ಯಕ್ಕೆ ಹೊಳೆದದ್ದು ‘ತಣ್ಗರಗು ದ್ರಾವಕ’. ತಣ್ಗದಿರ, ತಣ್ಗಾಳಿ ಇರುವ ಭಾಷೆಗೆ ಇದು ಹೊರಗಿನದೆನಿಸದು. ‘ಸುಕರಗು’ ಅರಿಸಮಾಸವಾಗುತ್ತದೆಂದು ಕೈಬಿಟ್ಟೆ. ವಾಕ್ಯವನ್ನೂ ‘ತಣ್ಗರಗು ದ್ರಾವಕ ಬೆಂಜೀನನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ’ ಎಂದು ತಿದ್ದಿದ್ದೇನೆ. ‘ಎಳೆದುಕೊಳ್ಳು’ ರಸಾಯನಶಾಸ್ತ್ರದವರಿಗೆ ಸಡಿಲವೆನಿಸಬಹುದು. ಆದರೆ ಇಂಗ್ಲಿಷಿನ ‘ಎಕ್ಸ್‌ಟ್ರಾಕ್ಷನ್’ಗೆ ‘ನಿಷ್ಕರ್ಷಣೆ’ ಎಂದು ಬರೆದರೆ ಓದುಗರಿಗೆ ‘ನಿಷ್ಕರ್ಷೆ’ ಕೇಳಿಸುತ್ತದೆ, ‘ಹೊರತೆಗೆಯುವಿಕೆ’ ಎಂದರೆ ಎಣ್ಣೆ ಬಾವಿಯೇ ಎದುರಿಗೆ ನಿಲ್ಲುತ್ತದೆ.

ಪಾಠ ಹೇಳುವವರು, ಸಂಸ್ಕರಣಾಗಾರಗಳಲ್ಲಿ ದುಡಿಯುವವರು ಈ ಎರಡು ‘ಕರಗು’ಗಳನ್ನು ಕನ್ನಡದಲ್ಲಿ ಹೇಗೆ ಬಿಡಿಸಿ ಹೇಳುತ್ತೀರಿ?